ದೀಪಾವಳಿ ಕಳೆದ ಮೇಲಿನ ಕಡಲು

ನಾನು ಹೊನ್ನಾವರದ ಕಡೆಯವನು. ಸಮುದ್ರದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ಬಹಳ ವರ್ಷ ನಂಬಿಕೊಂಡಿದ್ದವನು. ನಮ್ಮ ಹಿತ್ತಿಲಿನ ಬೇಲಿ ದಾಟಿದರೆ ಮರಳು, ಮರಳು ದಾಟಿದರೆ ನೀರು. ಮಳೆಗಾಲದಲ್ಲಿ ಆ ಕಡೆ ತಲೆ ಹಾಕಿದರೆ ಅಮ್ಮ ಪೊರಕೆ ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದಳು. ನೂಲು ಹುಣ್ಣಿಮೆಯ ದಿನ ಮೀನುಗಾರರು ಕಡಲಿಗೆ ತೆಂಗಿನಕಾಯಿ ಬಿಟ್ಟು ಕೈಮುಗಿದ ಮೇಲೆ ನೀರಿನ ಸಿಟ್ಟು ದಿನದಿನಕ್ಕೆ ಇಳಿಯುತ್ತಿತ್ತು. ದೀಪಾವಳಿ ಕಳೆಯಿತೆಂದರೆ ಸಮುದ್ರ ಹೊಟ್ಟೆ ತುಂಬಿದ ಎಮ್ಮೆಯ ಹಾಗೆ ತೆಪ್ಪಗೆ ಬಿದ್ದಿರುತ್ತಿತ್ತು. ಆಮೇಲೆ ನಾವು ಹುಡುಗರು ನೀರಿನಿಂದ ಹೊರಗೆ ಬರುತ್ತಿದ್ದದ್ದು ಊಟಕ್ಕೆ ಮಾತ್ರ. ಮಗ್ಗಿಯ ಹಾಗೆ ನನ್ನ ತಲೆಯಲ್ಲಿ ಕೂತ ಪಾಠ ಇದು. ಇದನ್ನೇ ನೆಚ್ಚಿಕೊಂಡು ನಾನು ಒಬ್ಬ ಗೆಳೆಯನನ್ನು ನೀರಿಗೆ ಇಳಿಸಿದೆ. ಅದಕ್ಕಿಂತ ಕೆಟ್ಟ ಕೆಲಸವನ್ನು ಆಮೇಲೆ ಮಾಡಿದೆ. ಅದನ್ನು ಹೇಳುವುದಕ್ಕೇ ಕೂತಿದ್ದೇನೆ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಬ್ಯಾಂಕಿನವರು ನನ್ನನ್ನು ವಿಶಾಖಪಟ್ಟಣಕ್ಕೆ ಎತ್ತಿ ಹಾಕಿದರು. ಊರಿನಲ್ಲಿ ಎಲ್ಲರೂ "ಪುಣ್ಯವಂತ, ಅಲ್ಲೂ ಸಮುದ್ರ ಉಂಟಲ್ಲ" ಎಂದರು. ಹೋಗಿ ನೋಡಿದರೆ ನನಗೆ ಆ ಸಮುದ್ರ ಸೇರಲಿಲ್ಲ. ಸೂರ್ಯ ಮುಳುಗಬೇಕಾದ ಕಡೆ ಹುಟ್ಟುತ್ತಾನೆ. ಸಂಜೆ ದಡದಲ್ಲಿ ಕೂತರೆ ಬೆನ್ನ ಹಿಂದೆ ಕತ್ತಲಾಗುತ್ತದೆ. ದಿಕ್ಕು ತಪ್ಪಿದ ಸಮುದ್ರ ಎಂದು ಗೇಲಿ ಮಾಡುತ್ತಿದ್ದೆ. ದಿಕ್ಕು ಬದಲಾದರೆ ಅದರ ಋತುವೂ ಬದಲಾಗಬಹುದು ಎಂಬ ಸಣ್ಣ ಯೋಚನೆ ನನಗೆ ಬರಲಿಲ್ಲ. ಅಲ್ಪವಿದ್ಯೆ ಮಹಾಗರ್ವಿ ಅನ್ನುತ್ತಾರಲ್ಲ, ಅದಕ್ಕೆ ಉದಾಹರಣೆ ಬೇಕಿದ್ದರೆ ನಾನಿದ್ದೆ.

ನನ್ನ ಹಿಂದೆಯೇ, ಕೆಲವು ತಿಂಗಳ ಮೇಲೆ, ಅದೇ ಶಾಖೆಗೆ ಆ ಗೆಳೆಯ ಬಂದ. ದಾವಣಗೆರೆಯವನು, ನನಗಿಂತ ಎರಡು ವರ್ಷ ಚಿಕ್ಕವನು, ಗುಮಾಸ್ತ. ಜೊತೆಗೆ ಹೆಂಡತಿ, ಇನ್ನೂ ಎರಡು ತುಂಬದ ಮಗಳು. ಮಹಾರಾಣಿಪೇಟೆಯಲ್ಲಿ ನಾನಿದ್ದ ಬೀದಿಯಲ್ಲೇ ಅವರಿಗೂ ಎರಡು ಕೋಣೆಯ ಮನೆ ಕೊಡಿಸಿದೆ. ನನಗಿನ್ನೂ ಮದುವೆಯಾಗಿರಲಿಲ್ಲ, ವಾರಕ್ಕೆ ಎರಡು ದಿನ ಅವರಲ್ಲೇ ಊಟ. ಆಕೆ ಬಿಸಿ ರೊಟ್ಟಿ ಬಡಿಯುತ್ತಾ "ತಿನ್ರಿ ಅಣ್ಣ, ಇನ್ನೊಂದ್ ತಿನ್ರಿ, ಹೋಟ್ಲು ಅನ್ನ ಯಾವಾಗ್ಲೂ ಇದ್ದಿದ್ದೇ ಐತೆ" ಎನ್ನುತ್ತಿದ್ದರು. ನನಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ನಾವು ಗಂಜಿ ಅನ್ನದವರು. ಆದರೂ ತಿನ್ನುತ್ತಿದ್ದೆ, ಅಷ್ಟು ದೂರದ ಊರಿನಲ್ಲಿ ಕನ್ನಡದಲ್ಲಿ ಒತ್ತಾಯ ಮಾಡುವವರು ಬೇರೆ ಯಾರಿದ್ದರು.

ಅವನ ಸ್ವಭಾವ ಹೇಳಲೇಬೇಕು. ಯಾರ ಮಾತನ್ನೂ ತೆಗೆದುಹಾಕುವವನಲ್ಲ. ಒಂದು ಪ್ರೆಷರ್ ಕುಕ್ಕರ್ ಕೊಳ್ಳಬೇಕಾದರೆ ಮೂವರನ್ನು ಕೇಳಿದ, ಮೂವರೂ ಬೇರೆ ಬೇರೆ ಹೇಳಿದಾಗ ನಾಲ್ಕನೆಯವನಾಗಿ ನನ್ನನ್ನು ಕೇಳಿ ನಾನು ಹೇಳಿದ್ದನ್ನು ತಂದ. ಬಸ್ಸಿನಲ್ಲಿ ಯಾವ ಕಡೆ ಕೂತರೆ ಬಿಸಿಲು ಬರುವುದಿಲ್ಲ ಎಂದು ಕಂಡಕ್ಟರನನ್ನು ಕೇಳುತ್ತಿದ್ದ. ನಾನು ಇದಕ್ಕೂ ಗೇಲಿ ಮಾಡುತ್ತಿದ್ದೆ. "ಹೆಂಡತಿ ಹೆಸರನ್ನಾದರೂ ಯಾರನ್ನೂ ಕೇಳದೆ ಹೇಳ್ತೀಯಾ?" ಎಂದರೆ, "ಕೇಳಿದ್ರೆ ಏನ್ ಹೋಗುತ್ರಿ, ತಿಳಿದವ್ರು ಇರ್ತಾರೆ" ಎಂದು ನಗುತ್ತಿದ್ದ.

ಭಾನುವಾರ ಗುಡ್ಡ ಹತ್ತುವ ಅಭ್ಯಾಸ ಹಚ್ಚಿದವನು ನೌಕಾನೆಲೆಯಲ್ಲಿದ್ದ ಬೆಳಗಾವಿ ಕಡೆಯ ಒಬ್ಬ ಗೆಳೆಯ. ಕನ್ನಡದವರ ಯುಗಾದಿ ಊಟದಲ್ಲಿ ಪರಿಚಯವಾದವನು. ಬೆಳಿಗ್ಗೆ ಆರಕ್ಕೆ ಸಿಂಧಿಯಾದಲ್ಲಿ ಬಸ್ಸು ಇಳಿದು, ಹಡಗುಕಟ್ಟೆಯ ಗೋಡೆಗುಂಟ ನಡೆದು, ಅಲ್ಲಿಂದ ಗುಡ್ಡ. ನಾವು ಏಳೆಂಟು ಮಂದಿ, ಹೆಚ್ಚಿನವರು ಬ್ಯಾಂಕಿನವರು ಮತ್ತು ನೌಕಾಪಡೆಯವರು. ನಮ್ಮದಲ್ಲದೆ ತೆಲುಗರ ಗುಂಪು, ಕಾಲೇಜಿನವರ ಗುಂಪು, ಎಲ್ಲರೂ ಅದೇ ಹಾದಿಯಲ್ಲಿ ಏದುಸಿರು ಬಿಡುತ್ತ ಹತ್ತುತ್ತಿದ್ದರು. ಅರ್ಧ ಹತ್ತಿ ಹಿಂದೆ ತಿರುಗಿದರೆ ಬಂದರಿನ ಕ್ರೇನುಗಳು, ಅದಿರಿನ ಕೆಂಪು ಗುಡ್ಡೆಗಳು, ಹೊಗೆ. ನೆತ್ತಿ ದಾಟಿದೊಡನೆ ಅದೆಲ್ಲ ಮರೆಯಾಗಿ ಕೆಳಗೆ ಯಾರಾಡ ಎಂಬ ಊರಿನ ಕೊಲ್ಲಿ ಕಾಣುತ್ತಿತ್ತು. ಮೂರು ಕಡೆ ಗುಡ್ಡ, ನಾಲ್ಕನೆಯ ಕಡೆ ನೀರು. ಗೇರು ಮರ, ತಾಳೆ ಮರ, ಒಂದು ಮೀನುಗಾರರ ಹಳ್ಳಿ, ಮರಳಿನ ಮೇಲೆ ಕವುಚಿ ಹಾಕಿದ ತೆಪ್ಪಗಳು. ಒಂದು ಚಹಾದಂಗಡಿಯೂ ಇರಲಿಲ್ಲ. ಹೊರಗಿನವರೆಂದರೆ ಗುಡ್ಡ ಇಳಿದು ಬಂದ ನಾವೇ.

ಚಂದದ ಜಾಗ ಎಂದು ಎಲ್ಲರೂ ಹೇಳುತ್ತಿದ್ದರು. ನನಗೂ ಹಾಗೇ ಕಂಡಿತ್ತು ಎಂದು ಕಾಣುತ್ತದೆ. ಈಗ ನೆನಪು ಮಾಡಿಕೊಂಡರೆ ಚಂದ ಬರುವುದಿಲ್ಲ, ಬರಿಯ ಗಾಳಿ ಬರುತ್ತದೆ.

ನೌಕಾಪಡೆಯ ಗೆಳೆಯ ಒಂದು ನಿಯಮ ಹಾಕಿದ್ದ. ದಸರೆಯಿಂದ ಸಂಕ್ರಾಂತಿಯವರೆಗೆ ಆ ಕೊಲ್ಲಿಯಲ್ಲಿ ಯಾರೂ ಪಾದಕ್ಕಿಂತ ಮೇಲೆ ನೀರು ಮುಟ್ಟಿಸಿಕೊಳ್ಳಬಾರದು. "ಈ ದಂಡೀ ಮ್ಯಾಲ ಮಳಿ, ಗಾಳಿ, ತುಫಾನು ಎಲ್ಲಾ ಈಗ ಬರೂದು. ಸಮುದ್ರ ಒಳಗಿಂದ ಕೆಟ್ಟಿರ್ತೈತಿ" ಎನ್ನುತ್ತಿದ್ದ. ನಾನು ಅವನೆದುರೇ ನಕ್ಕಿದ್ದೆ. ಬೆಳಗಾವಿಯ ಬಯಲುಸೀಮೆಯವನು ಹೊನ್ನಾವರದವನಿಗೆ ಸಮುದ್ರ ಹೇಳಿಕೊಡುತ್ತಾನೆ, ಮೀನಿಗೆ ಈಜು ಕಲಿಸುತ್ತಾನೆ ಎಂದು. ಅವನು ಹತ್ತು ವರ್ಷದಿಂದ ಅದೇ ನೀರಿನ ಮೇಲೆ ಹಡಗಿನಲ್ಲಿ ತಿರುಗುತ್ತಿದ್ದವನು ಎಂಬುದು ನನಗೆ ದೊಡ್ಡ ವಿಷಯವಾಗಿ ಕಾಣಲಿಲ್ಲ.

ಕಾರ್ತೀಕ ಮಾಸದ ಒಂದು ಭಾನುವಾರ. ಆ ಸೀಮೆಯಲ್ಲಿ ಕಾರ್ತೀಕ ಬಂತೆಂದರೆ ಊರಿಗೆ ಊರೇ ವನಭೋಜನಕ್ಕೆ ಹೊರಡುತ್ತದೆ. ನೆಲ್ಲಿ ಮರದ ಕೆಳಗೆ ಅಡುಗೆ ಮಾಡಿ ಉಣ್ಣುವುದು ಪುಣ್ಯ. ನಮ್ಮ ಗುಂಪಿನವರೂ ತೆಲುಗು ನೆರೆಹೊರೆಯವರ ಜೊತೆ ಹೋಗಿಬಿಟ್ಟರು. ನೌಕಾಪಡೆಯ ಗೆಳೆಯ ಹಡಗಿನ ಮೇಲೆ ಹೋಗಿ ಎರಡು ವಾರವಾಗಿತ್ತು. ಉಳಿದವರು ನಾನು ಮತ್ತು ದಾವಣಗೆರೆಯ ಗೆಳೆಯ, ಇಬ್ಬರೇ. ಬೆಳಿಗ್ಗೆ ಅವನ ಮನೆಗೆ ಹೋದಾಗ ಆಕೆ ಮಗುವಿಗೆ ಗಂಜಿ ಕುಡಿಸುತ್ತ, "ಮಧ್ಯಾಹ್ನ ಊಟಕ್ಕೆ ಬಂದ್ಬಿಡ್ರಿ ಇಬ್ರೂ" ಎಂದರು. ಬರುತ್ತೇವೆ ಎಂದೆ.

ಗುಡ್ಡ ಇಳಿದಾಗ ಒಂಬತ್ತು ಗಂಟೆಯಿರಬೇಕು. ಬಿಸಿಲಿತ್ತು, ಆಕಾಶ ಒರೆಸಿಟ್ಟ ಹಾಗಿತ್ತು. ಅಲೆಗಳು ದೊಡ್ಡದೇನಲ್ಲ, ಆದರೆ ದಡಕ್ಕೆ ತೀರ ಹತ್ತಿರ ಬಂದು ಒಮ್ಮೆಗೇ ಬೀಳುತ್ತಿದ್ದವು. ನಮ್ಮೂರಿನಲ್ಲಿ ಅರ್ಧ ಫರ್ಲಾಂಗು ಹೋದರೂ ನೀರು ಸೊಂಟ ಮುಟ್ಟುವುದಿಲ್ಲ. ಇಲ್ಲಿ ಹತ್ತು ಹೆಜ್ಜೆಗೇ ತಳ ಜಾರುತ್ತಿತ್ತು. ಅದು ನನ್ನ ಕಣ್ಣಿಗೆ ಬಿದ್ದಿತ್ತು. ಬಿದ್ದರೂ ಮನಸ್ಸಿಗೆ ಹೋಗಲಿಲ್ಲ.

ತೆಪ್ಪದ ನೆರಳಿನಲ್ಲಿ ಬಲೆ ಹೊಲಿಯುತ್ತ ಕೂತಿದ್ದ ಮುದುಕ ನಾವು ಚಪ್ಪಲಿ ಬಿಡುವುದನ್ನು ನೋಡಿ, "ದಿಗೊದ್ದು ಬಾಬೂ, ಈ ನೆಲಲೋ ಮಂಚಿದಿ ಕಾದು" ಎಂದ. ಇಳಿಯಬೇಡಿ, ಈ ತಿಂಗಳಲ್ಲಿ ಒಳ್ಳೆಯದಲ್ಲ ಎಂದು. ನನಗೆ ಅರ್ಥವಾಯಿತು. ಗೆಳೆಯನಿಗೆ ಆಗ ತೆಲುಗು ಇನ್ನೂ ಕೌಂಟರಿನ ನಾಲ್ಕು ಮಾತಿಗಿಂತ ಮೇಲೆ ಬಂದಿರಲಿಲ್ಲ.

"ಏನಂತಾನ್ರಿ ಅಜ್ಜ?" ಎಂದು ಕೇಳಿದ.

"ಎಂತ ಇಲ್ಲ. ಪಟ್ಟಣದವರನ್ನ ಕಂಡ್ರೆ ಎಲ್ಲರಿಗೂ ಹೀಂಗೇ ಹೇಳ್ತಾರೆ" ಎಂದೆ.

ಅವನು ಪ್ಯಾಂಟನ್ನು ಮೊಣಕಾಲಿಗೆ ಮಡಿಚಿಕೊಂಡು ನೀರಿನ ಅಂಚಿನಲ್ಲಿ ನಿಂತ. ಇಪ್ಪತ್ತೇಳು ವರ್ಷದವರೆಗೆ ಕೆರೆಯನ್ನು ಬಿಟ್ಟು ದೊಡ್ಡ ನೀರು ನೋಡದವನು. ಬಂದು ವರ್ಷವಾಗುತ್ತ ಬಂದಿದ್ದರೂ ಒಂದು ಸಲವೂ ಸಮುದ್ರದಲ್ಲಿ ಮೈ ನೆನೆಸಿರಲಿಲ್ಲ. ನನ್ನ ಕಡೆ ತಿರುಗಿ, "ಇಳೀಲೇನ್ರಿ?" ಎಂದ.

"ಇಳಿ."

"ಏನೂ ಆಗಲ್ಲಲ್ಲ?"

"ಎಂತದೂ ಆಗೂದಿಲ್ಲ ಮಾರಾಯ. ದೀಪಾವಳಿ ಕಳೀತಲ್ಲ, ಇನ್ನು ಸಮುದ್ರ ಎಮ್ಮೆ ಇದ್ದಂಗೆ. ಹೋಗು."

ಅವನು ಅಂಗಿ ಬಿಚ್ಚಿ ಮಡಿಚಿ, ಅದರ ಮೇಲೆ ಗಡಿಯಾರ ಇಟ್ಟು, ನಗುತ್ತ ಹೋದ. ಸೊಂಟದವರೆಗೆ ಹೋದಾಗ ಒಂದು ಅಲೆ ಅವನ ಮೇಲೆ ಮುರಿಯಿತು. ಎದ್ದ. ಕಣ್ಣು ಒರೆಸಿಕೊಂಡು ನನ್ನ ಕಡೆ ನೋಡಿ ಕೈ ಎತ್ತಿದ. ಆಟ ಎಂದುಕೊಂಡೆ, ನಾನೂ ಕೈ ಎತ್ತಿದೆ. ಹಿಂದಕ್ಕೆ ಸರಿಯುವ ನೀರು ಅವನನ್ನು ಕುರ್ಚಿ ಎಳೆದ ಹಾಗೆ ಎಳೆದುಕೊಂಡು ಹೋಯಿತು. ನಾನು ನುಗ್ಗಿದೆ. ಈಜು ಬಲ್ಲವನು, ಹುಟ್ಟಿದಾರಭ್ಯ ನೀರಿನಲ್ಲಿದ್ದವನು. ಆ ನೀರು ನನ್ನನ್ನು ಎರಡು ಸಲ ಮರಳಿನ ಮೇಲೆ ಎತ್ತಿ ಹಾಕಿತು, ಮೂರನೆಯ ಸಲ ಎದ್ದಾಗ ನನಗೆ ಅವನ ತಲೆ ಕಾಣಲಿಲ್ಲ. ಮುದುಕ ಕೂಗುತ್ತ ಹಳ್ಳಿಯ ಕಡೆ ಓಡುತ್ತಿದ್ದ. ನಾಲ್ಕು ಜನ ಬಂದು ತೆಪ್ಪ ಇಳಿಸಿದರು. ಮಧ್ಯಾಹ್ನದ ಹೊತ್ತಿಗೆ ಕೊಲ್ಲಿಯ ದಕ್ಷಿಣದ ಬಂಡೆಗಳ ಹತ್ತಿರ ಅವನನ್ನು ಎತ್ತಿ ತಂದರು.

ಪೊಲೀಸರು ಬಂದರು. ದಪ್ಪ ಕನ್ನಡಕದ ಒಬ್ಬ ಹೆಡ್ ಕಾನ್‌ಸ್ಟೇಬಲ್ ಗೇರು ಮರದ ಕೆಳಗೆ ಕೂತು ಹೇಳಿಕೆ ಬರೆದುಕೊಂಡ. ಒಳ್ಳೆಯ ಮನುಷ್ಯ, ಮೊದಲು ನನಗೆ ನೀರು ಕುಡಿಸಿದ. ಮುದುಕ "ನಾನು ಹೇಳಿದೆ, ಬೇಡ ಎಂದೆ" ಎಂದು ತೆಲುಗಿನಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದ. ಕಾನ್‌ಸ್ಟೇಬಲ್ ನನ್ನ ಕಡೆ ತಿರುಗಿ, "ಮೀರು ವದ್ದನಲೇದಾ?" ಎಂದು ಕೇಳಿದ. ನೀವು ಬೇಡ ಅನ್ನಲಿಲ್ಲವೇ?

"ವದ್ದನ್ನಾನು. ವಿನಲೇದು" ಎಂದೆ. ಬೇಡ ಅಂದೆ, ಕೇಳಲಿಲ್ಲ.

ಎರಡೇ ಮಾತು. ಮೊದಲೇ ಯೋಚಿಸಿ ಹೇಳಿದ್ದಲ್ಲ. ಹೆದರಿದ್ದೆ, ನೌಕರಿ ಹೋಗುತ್ತದೆ, ಜೈಲಿಗೆ ಹಾಕುತ್ತಾರೆ ಎಂದೆಲ್ಲ ತಲೆಯಲ್ಲಿ ಓಡುತ್ತಿತ್ತು. ಕಲಿತ ಭಾಷೆಯಲ್ಲಿ ಸುಳ್ಳು ಬಲು ಸಲೀಸಾಗಿ ಬರುತ್ತದೆ. ಕನ್ನಡದಲ್ಲಿ ಕೇಳಿದ್ದರೆ ನಾಲಗೆ ತಡವರಿಸುತ್ತಿತ್ತೋ ಏನೋ, ಗೊತ್ತಿಲ್ಲ. ಕಾನ್‌ಸ್ಟೇಬಲ್ ತಲೆಯಾಡಿಸಿ ಬರೆದುಕೊಂಡ, ನಾನು ಸಹಿ ಹಾಕಿದೆ. ಅದೇ ಮಾತು ಬ್ಯಾಂಕಿನವರ ಕಿವಿಗೆ ಹೋಯಿತು. ಅವರಿಂದ ಅವನ ಮನೆಗೆ ಹೋಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅವತ್ತು ಸಂಜೆ ಅವರ ಮನೆಯಲ್ಲಿ ನಡೆದದ್ದನ್ನು ನಾನು ಬರೆಯುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ. ಆಕೆ ಮೊದಲು ಅಳಲಿಲ್ಲ, ಸಿಟ್ಟಾದರು. "ಅಣ್ಣ ಬ್ಯಾಡ ಅಂದ್ರಂತೆ. ಆ ಅಜ್ಜ ಬ್ಯಾಡ ಅಂದ್ನಂತೆ. ಯಾಕ್ ಇಳಿದ್ರಿ? ಯಾಕ್ ಇಳಿದ್ರಿ ಹೇಳ್ರಿ" ಎಂದು ಬಟ್ಟೆ ಹೊದಿಸಿದ್ದ ಅವನನ್ನೇ ಕೇಳಿದರು. ನಾನು ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದೆ. ಆಗ ಹೇಳಬಹುದಿತ್ತು.

ನೌಕಾಪಡೆಯ ಗೆಳೆಯ ಹಡಗಿನಿಂದ ಇಳಿದ ದಿನವೇ ನನ್ನ ಕೋಣೆಗೆ ಬಂದ. ಕೂರಲಿಲ್ಲ. "ಖರೇನ ಬ್ಯಾಡ ಅಂದಿದ್ದೇನು?" ಎಂದ. ಹೌದು ಎಂದೆ. ಅವನು ನನ್ನ ಮುಖ ನೋಡಿ, "ಆತಪಾ" ಎಂದು ಹೊರಟುಹೋದ. ಆಮೇಲೆ ಭಾನುವಾರ ಯಾರೂ ನನ್ನನ್ನು ಗುಡ್ಡಕ್ಕೆ ಕರೆಯಲಿಲ್ಲ. ನಾನೂ ಹೋಗಲಿಲ್ಲ.

ಆಕೆ ಮಗಳನ್ನು ಕಟ್ಟಿಕೊಂಡು ದಾವಣಗೆರೆಗೆ ಹೋದರು. ನಾನು ವರ್ಗಕ್ಕೆ ಅರ್ಜಿ ಕೊಟ್ಟೆ. ಎಲ್ಲಿಗಾದರೂ ಸರಿ, ಸಮುದ್ರ ಇಲ್ಲದ ಊರು ಬೇಕು ಎಂದು ಬರೆಯುವ ಹಾಗಿಲ್ಲವಲ್ಲ. ಆರೋಗ್ಯ ಎಂದು ಬರೆದೆ. ವಿಜಯವಾಡ ಸಿಕ್ಕಿತು. ಕೃಷ್ಣೆ ಇದ್ದಳು, ಆದರೆ ಬ್ಯಾರೇಜಿನ ಹಿಂದೆ ಕಟ್ಟಿಹಾಕಿದ ಕೃಷ್ಣೆ. ಬೇಸಿಗೆಯಲ್ಲಿ ಊರು ಬಾಣಲೆಯ ಹಾಗೆ ಕಾಯುತ್ತಿತ್ತು. ಆ ಸೆಕೆಯನ್ನು ಬೈಯದೆ ಇದ್ದವನು ಶಾಖೆಯಲ್ಲಿ ನಾನೊಬ್ಬನೇ. ನನಗೆ ಸಲ್ಲಬೇಕಾದದ್ದು ಎಂದುಕೊಂಡಿದ್ದೆ.

ಎರಡು ವರ್ಷ ಕಳೆದ ಮೇಲೆ ಒಂದು ದಿನ ಮ್ಯಾನೇಜರು ಕರೆದು, "ನಿಮ್ಮ ಕನ್ನಡದವರೇ ಒಬ್ಬರು ಬರುತ್ತಿದ್ದಾರೆ, ಅನುಕಂಪದ ನೌಕರಿ. ಸ್ವಲ್ಪ ನೋಡಿಕೊಳ್ಳಿ" ಎಂದರು. ಗಂಡ ನೌಕರಿಯಲ್ಲಿದ್ದಾಗ ತೀರಿಕೊಂಡರೆ ಹೆಂಡತಿಗೆ ಕೊಡುವ ಕೆಲಸ. ಗಂಡ ಸತ್ತ ವಲಯದಲ್ಲೇ ಖಾಲಿ ಜಾಗ ಹುಡುಕಿ ಕೊಟ್ಟಿದ್ದರು. ಹೆಸರು ಹೇಳುವ ಮೊದಲೇ ನನಗೆ ತಿಳಿಯಿತು. ಮರುವಾರ ಆಕೆ ಮಗಳ ಕೈಹಿಡಿದು ಶಾಖೆಯ ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ನೋಡಿದೊಡನೆ ಅವರ ಮುಖದಲ್ಲಿ ಬಂದ ನಿರಾಳವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. "ನೀವಿದ್ದೀರಿ ಅಂತ ಗೊತ್ತಾದ್ ಮೇಲೇ ಬರಕ್ಕೆ ಒಪ್ಪಿದ್ದು ಅಣ್ಣ" ಎಂದರು.

ನಾನೇ ಮನೆ ಹುಡುಕಿಕೊಟ್ಟೆ, ಸತ್ಯನಾರಾಯಣಪುರದಲ್ಲಿ. ಗ್ಯಾಸಿಗೆ ನಿಂತೆ, ಶಾಲೆಗೆ ನಿಂತೆ. ಕೌಂಟರಿನಲ್ಲಿ ಟೋಕನ್ ಕೊಡುವುದು, ಸಹಿ ಹೋಲಿಸಿ ನೋಡುವುದು, ಕೂಗಾಡುವವರಿಗೆ "ಒಕ್ಕ ನಿಮಿಷಂ ಅಂಡಿ" ಎನ್ನುವುದು, ಎಲ್ಲ ಹೇಳಿಕೊಟ್ಟೆ. ಬೇಗ ಕಲಿತರು. ಶಾಖೆಯಲ್ಲಿ ನನ್ನನ್ನು ದೇವರಂಥ ಮನುಷ್ಯ ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ನಾನು. ಅವರು ಹಾಗೆ ಹೊಗಳಿದಾಗೆಲ್ಲ ಎದ್ದು ಹೊರಗೆ ಹೋಗುತ್ತಿದ್ದೆ. ಅದನ್ನೂ ವಿನಯ ಎಂದುಕೊಂಡರು.

ಈ ನಡುವೆ ನನಗೆ ಮದುವೆಯಾಯಿತು. ಹೆಂಡತಿಗೂ ಹೇಳಲಿಲ್ಲ. ಅವಳು ಆ ಮನೆಗೆ ಹಬ್ಬದ ಅಡುಗೆ ಕಳಿಸುತ್ತಿದ್ದಳು, ಅವರು ಇಲ್ಲಿಗೆ ಹೋಳಿಗೆ ಕಳಿಸುತ್ತಿದ್ದರು. ಬಿಸಿ ತುಪ್ಪದ ಹಾಗಿತ್ತು ನನ್ನ ಬಾಯಲ್ಲಿ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ದಿನ ಕಳೆದಷ್ಟೂ ಹೇಳುವುದು ಕಷ್ಟವಾಯಿತು, ಯಾಕೆಂದರೆ ಆಮೇಲೆ ಬರಿಯ ಸಾವನ್ನಲ್ಲ, ಅಷ್ಟು ವರ್ಷದ ಹಬ್ಬದೂಟಗಳನ್ನೂ ವಿವರಿಸಬೇಕಿತ್ತು.

ಆಕೆಯ ಸಿಟ್ಟು ಇಳಿದಿರಲಿಲ್ಲ. ಅದು ನನಗೆ ಮೊದಮೊದಲು ತಿಳಿಯಲಿಲ್ಲ. ಮನೆಯಲ್ಲಿ ಅವನ ಫೋಟೋ ಇತ್ತು, ಹಾರವಿತ್ತು, ದೀಪಾವಳಿಗೆ ಹಿರಿಯರ ಎಡೆಯನ್ನೂ ಇಡುತ್ತಿದ್ದರು. ಎಡೆ ಇಡುತ್ತಲೇ ಬೈಯುತ್ತಿದ್ದರು. ಸಣ್ಣ ದನಿಯಲ್ಲಿ, ಪಕ್ಕದಲ್ಲಿ ಕೂತವರಿಗೆ ಹೇಳಿದ ಹಾಗೆ. "ನೋಡ್ರಿ, ಮಗ್ಳಿಗೆ ಜ್ವರ ಬಂದಾಗ ಒಬ್ಳೇ ಎತ್ಕೊಂಡು ಓಡಾಡಿದ್ದೀನಿ. ಒಂದ್ ಮಾತು ಕೇಳಿದ್ರೆ ನಿಮ್ ಗಂಟು ಹೋಗ್ತಿತ್ತಾ?" ಮಗಳು ಬೆಳೆಯುತ್ತಿದ್ದಂತೆ ಆ ಬೈಗುಳದಲ್ಲಿ ಅವಳಿಗೂ ಪಾಲು ಬಂತು. ಹಾಲು ಕುಡಿಯದಿದ್ದರೆ, ಬಿಸಿಲಲ್ಲಿ ಆಡಿದರೆ, ಹೋಮ್‌ವರ್ಕು ಬಿಟ್ಟರೆ ಒಂದೇ ಮಾತು, "ಅಪ್ಪನ ಬುದ್ಧಿ. ಯಾರ್ ಹೇಳಿದ್ರೂ ಕೇಳಂಗಿಲ್ಲ." ಲೋಕದಲ್ಲಿ ಎಲ್ಲರ ಮಾತು ಕೇಳುತ್ತಿದ್ದ ಒಬ್ಬ ಮನುಷ್ಯ ಆ ಮನೆಯಲ್ಲಿ ಯಾರ ಮಾತೂ ಕೇಳದವನಾಗಿ ಗೋಡೆಗೆ ನೇತಾಡುತ್ತಿದ್ದ. ನಾನು ಅದರ ಕೆಳಗೆ ಕೂತು ಕಾಫಿ ಕುಡಿಯುತ್ತಿದ್ದೆ.

ಹಾಗೇ ಏಳು ವರ್ಷ ಹೋದವು. ನನಗೆ ಹುಬ್ಬಳ್ಳಿಗೆ ವರ್ಗವಾಗುವ ಸುದ್ದಿ ಇತ್ತು. ಹೋಗಿಬಿಟ್ಟರೆ ಮುಗಿಯಿತು ಎಂದು ಒಳಗೊಳಗೇ ಖುಷಿಯಾಗಿತ್ತು, ನಾಚಿಕೆ ಬಿಟ್ಟು ಹೇಳುತ್ತೇನೆ.

ಆ ವರ್ಷದ ಕಾರ್ತೀಕದಲ್ಲಿ ಶಾಖೆಯವರ ವನಭೋಜನ ಗನ್ನವರಂ ಹತ್ತಿರದ ಒಂದು ತೋಪಿನಲ್ಲಿ. ಮಾವಿನ ಮರಗಳ ನಡುವೆ ಎಲ್ಲೋ ಒಂದು ನೆಲ್ಲಿ ಮರ ಹುಡುಕಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಗಂಡಸರೆಲ್ಲ ಇಸ್ಪೀಟಿಗೆ ಕೂತರು. ನಾನು ಕಾರ್ತೀಕದಲ್ಲಿ ಇಂಥವಕ್ಕೆ ಹೋಗುತ್ತಿರಲಿಲ್ಲ. ಬೀಳ್ಕೊಡುಗೆಯೂ ಇದೇ ಎಂದು ಎಳೆದುಕೊಂಡು ಹೋಗಿದ್ದರು. ಮಕ್ಕಳು ಮರ ಹತ್ತುತ್ತಿದ್ದರು. ಅವನ ಮಗಳಿಗೆ ಆಗ ಹತ್ತು ದಾಟಿತ್ತು. ಉದ್ದ ಕಾಲಿನ ಹುಡುಗಿ, ಎಲ್ಲರಿಗಿಂತ ಮೇಲಿನ ಕೊಂಬೆಯಲ್ಲಿದ್ದಳು. ಕೊಂಬೆ ಬಾಗುತ್ತಿತ್ತು.

ಆಕೆ ಕೆಳಗೆ ನಿಂತು ಇಳಿ ಎಂದು ಎರಡು ಸಲ ಹೇಳಿದರು. ಮೂರನೆಯ ಸಲ ದನಿ ಏರಿತು. "ಥೇಟ್ ನಿಮ್ಮಪ್ಪ. ಮಾಮ ಅಷ್ಟು ಬ್ಯಾಡ ಬ್ಯಾಡ ಅಂದ್ರೂ ನೀರಿಗೆ ಇಳಿದ್ರಲ್ಲ, ಆ ಹಠನೇ ನಿಂಗೂ ಬಂದೈತೆ."

ಮಾಮ ಎಂದರೆ ನಾನು. ಇಸ್ಪೀಟಿನವರೆಲ್ಲ ತಲೆಯೆತ್ತಿ ನೋಡಿದರು. ಹುಡುಗಿ ಸರಸರ ಇಳಿದಳು. ಕೆಳಗೆ ಬಂದು, ಮುಖ ಕೆಂಪಗೆ ಮಾಡಿಕೊಂಡು, ತೆಲುಗಿನಲ್ಲಿ ಹೇಳಿದಳು, "ನೇನು ನಾನ್ನಲಾ ಕಾದು."

ನಾನು ಅಪ್ಪನ ಹಾಗಲ್ಲ. ಅಷ್ಟು ಹೇಳಿ ಅವಳು ನಾವು ಬಂದಿದ್ದ ಜೀಪಿನ ಹತ್ತಿರ ಹೋಗಿ ಒಬ್ಬಳೇ ಕೂತಳು. ಅವಳಿಗೆ ಅಪ್ಪ ಎಂದರೆ ನಾಚಿಕೆಯಾಗಿತ್ತು. ಅವನ ಮುಖ ನೆನಪಿಲ್ಲ, ದನಿ ನೆನಪಿಲ್ಲ. ಅವಳ ಹತ್ತಿರ ಇದ್ದದ್ದು ನಾನು ಕೊಟ್ಟ ಎರಡು ಮಾತು ಮಾತ್ರ. ಅವನ ಜೀವ ಹೋದದ್ದಕ್ಕೆ ನನಗೆ ಋತು ತಿಳಿಯಲಿಲ್ಲ ಎಂಬ ನೆಪವಾದರೂ ಇತ್ತು. ಇದಕ್ಕೆ ಯಾವ ನೆಪವಿತ್ತು? ಎಲೆ ಹಾಕಿ ಪುಳಿಯೋಗರೆ ಬಡಿಸಿದರು. ನಾನು ಎಲೆ ಮಡಿಚಿ ಎದ್ದೆ.

ಮುಂದಿನ ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ಒಂದು ವಾರ ಯಾಕೆ ಕಾದೆ ಎಂದರೆ ಧೈರ್ಯ ಬರಲಿಲ್ಲ, ಅಷ್ಟೇ. ಆಕೆ ಹೊರಗಿನ ಮೆಟ್ಟಿಲಿನಲ್ಲಿ ಕೂತು ಮಗಳಿಗೆ ಜಡೆ ಹಾಕುತ್ತಿದ್ದರು. ಒಂದು ಜಡೆ ಮುಗಿದಿತ್ತು. ನನ್ನ ಮುಖ ನೋಡಿ ಏನೋ ತಿಳಿಯಿತೆಂದು ಕಾಣುತ್ತದೆ, ಹುಡುಗಿಗೆ ಚಿಲ್ಲರೆ ಕೊಟ್ಟು ಕರಿಬೇವು ತಾ ಎಂದು ಕಳಿಸಿದರು.

"ಕೂತ್ಕಳ್ರಿ ಅಣ್ಣ. ವರ್ಗದ ಆರ್ಡ್ರು ಬಂತಾ?"

"ನಾನು ಬೇಡ ಅನ್ನಲಿಲ್ಲ" ಎಂದೆ.

ಅವರಿಗೆ ತಕ್ಷಣ ಅರ್ಥವಾಗಲಿಲ್ಲ. ನಾನು ಮೊದಲಿನಿಂದ ಹೇಳಿದೆ. ಮುದುಕ ಏನು ಹೇಳಿದ, ಅವನು ಏನು ಕೇಳಿದ, ನಾನು ಏನು ಹೇಳಿದೆ. ದೀಪಾವಳಿ, ಎಮ್ಮೆ, ಎಲ್ಲವನ್ನೂ. ಆಕೆಯ ಕೈಯಲ್ಲಿ ಬಾಚಣಿಗೆ ಹಾಗೇ ಇತ್ತು.

"ಇಳೀಲಾ ಅಂತ ಕೇಳಿದ್ರಾ ಅವ್ರು?" ಎಂದರು.

"ಎರಡು ಸಲ ಕೇಳಿದ."

"ನೀವು ಹೂಂ ಅಂದ್ರಿ."

"ಹೂಂ ಅಂದೆ."

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. "ಒಂಬತ್ತು ವರ್ಷ ಬೈದಿದ್ದೀನಿ ಅವ್ರನ್ನ" ಎಂದರು, ನನಗಲ್ಲ, ಮೆಟ್ಟಿಲಿಗೆ ಹೇಳಿದ ಹಾಗೆ. "ಎಡೆ ಇಟ್ಟು ಬೈದಿದ್ದೀನಿ. ಉಣ್ಣಕ್ಕೆ ಕರ್ದು ಬೈದಿದ್ದೀನಿ. ಯಾರ್ ಮಾತೂ ಕೇಳದವ್ರು ಅಂತ. ಅವ್ರು ಹಂಗಿರಲಿಲ್ಲ ಅಂತ ನಂಗೆ ಗೊತ್ತಿತ್ತಲ್ಲ. ಕುಕ್ಕರ್ ತರಕ್ಕೆ ನಾಕು ಜನನ್ನ ಕೇಳಿದವ್ರು. ನೀವು ಹೇಳಿದ್ರಿ ಅಂತ ನನ್ ಗಂಡನ್ನೇ ನಾನು ನಂಬಲಿಲ್ಲ."

ತಪ್ಪಾಯಿತು ಎಂದೆ. ಆ ಮಾತು ನನ್ನ ಕಿವಿಗೇ ಸಣ್ಣದಾಗಿ ಕೇಳಿಸಿತು.

ಹುಡುಗಿ ಕರಿಬೇವು ತಂದಳು. ನಾನು ಎದ್ದು ನಿಂತೆ. ಆಕೆ ತಲೆಯೆತ್ತದೆ, "ಇವ್ಳ ಮುಂದೂ ಹೇಳ್ರಿ" ಎಂದರು. "ಅವ್ಳಿಗೆ ತಿಳಿಯಂಗೆ ಹೇಳ್ರಿ."

ಅವಳಿಗೆ ತಿಳಿಯುವ ಹಾಗೆ ಎಂದರೆ ತೆಲುಗಿನಲ್ಲಿ. ಕನ್ನಡದಲ್ಲಿ ಅವಳಿಗೆ ಊಟ, ಬಟ್ಟೆ, ಬೈಗುಳ ಇಷ್ಟೇ ಉಳಿದಿತ್ತು. ಹೇಳಿದೆ. ಈ ಸಲ ಆ ಭಾಷೆ ನನಗೆ ಸಲೀಸಾಗಿ ಬರಲಿಲ್ಲ. ನಡುನಡುವೆ ನಿಂತೆ, ಮಾತಿಗೆ ಹುಡುಕಿದೆ, ಒಂದೆರಡು ಕಡೆ ಅವಳೇ ಪದ ಕೊಟ್ಟಳು. ನಿಮ್ಮಪ್ಪ ನನ್ನನ್ನು ಕೇಳಿದ, ನಾನು ಹೋಗು ಎಂದೆ, ಹೋದ. ಆಮೇಲೆ ಪೊಲೀಸರ ಮುಂದೆ ನಾನು ಸುಳ್ಳು ಹೇಳಿದೆ. ಅವಳು ಒಂದು ಜಡೆ ಕಟ್ಟಿ, ಒಂದು ಕಡೆ ಕೂದಲು ಬಿಟ್ಟುಕೊಂಡು, ಕರಿಬೇವಿನ ಕಟ್ಟು ಹಿಡಿದು ಕೇಳಿಸಿಕೊಂಡಳು. ಮುಗಿದ ಮೇಲೆ ಹುಬ್ಬು ಗಂಟಿಕ್ಕಿ, ಶಾಲೆಯ ಪಾಠವನ್ನು ಸರಿಯಾಗಿ ಹಿಡಿದೆನೇ ಎಂದು ನೋಡುವವಳಂತೆ ಕೇಳಿದಳು.

"ಅಂಟೇ, ನಾನ್ನ ಮಾಟ ವಿನ್ನಾರನ್ನಮಾಟ?"

ಅಂದರೆ, ಅಪ್ಪ ಮಾತು ಕೇಳಿದ್ದರು ಎಂದಾಯಿತಲ್ಲ?

ಹೌದು ಎಂದೆ. ನನ್ನ ಮಾತು ಕೇಳಿದ ಎಂದೆ.

ಅವಳು ನನ್ನ ಕಡೆ ಮತ್ತೆ ನೋಡಲಿಲ್ಲ. ಅಮ್ಮನ ಮುಂದೆ ಹೋಗಿ ಬೆನ್ನು ಮಾಡಿ ಕೂತಳು. ಕೂತು, ಹುಡುಕಿ ಹುಡುಕಿ ಕನ್ನಡದಲ್ಲಿ ಹೇಳಿದಳು, "ಅಮ್ಮಾ, ಇನ್ಮೇಲೆ ಅಪ್ಪನ್ನ ಹಂಗೆ ಅನ್ಬ್ಯಾಡ."

"ಅನ್ನಲ್ಲ" ಎಂದರು ಆಕೆ. ಕೂದಲನ್ನು ಮೂರು ಪಾಲು ಮಾಡಿ ಎರಡನೆಯ ಜಡೆ ಹೆಣೆಯತೊಡಗಿದರು. ಎರಡು ಸಲ ಬಿಚ್ಚಿ ಮತ್ತೆ ಹೆಣೆದರು. ನಾನು ಚಪ್ಪಲಿ ಮೆಟ್ಟಿಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಕೂತುಕೋ ಎಂದು ಅವರು ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ.